ಮನೆಯೊಳಗೊಂದು ಮೇಣದ ಹೂಬಳ್ಳಿ

ಮನೆಯ ಮುಂದೆ ಅಂಗಳ, ಅಂಗಳದ ನಡುವೆ ತುಳಸಿಕಟ್ಟೆ, ಹಿತ್ತಿಲಲ್ಲಿ ಬಚ್ಚಲ ನೀರು ಕುಡಿದು ಬೆಳೆಯುವ ಬಾಳೆ, ಬೇಲಿಗೊರಗಿದ ದಾಸವಾಳ, ಚಪ್ಪರಕ್ಕೆ ಹಬ್ಬಿದ ಮಲ್ಲಿಗೆ, ಇವೆಲ್ಲ ಇದ್ದ ಮನೆಗಳಲ್ಲಿ ಗಿಡವನ್ನು ಒಳಗೆ ತಂದಿಟ್ಟು ಸಾಕುವ ಯೋಚನೆ ಯಾರಿಗೂ ಬರಬೇಕಾಗಿರಲಿಲ್ಲ. ಹೊಸ್ತಿಲಿನಿಂದಾಚೆ ಕಾಲಿಟ್ಟರೆ ಹಸಿರು ತಾನಾಗಿ ಎದುರಾಗುತ್ತಿತ್ತು. ಇಂದು ಪಟ್ಟಣವಾಸಿಗಳಾದ ನಮ್ಮಲ್ಲಿ ಅನೇಕರಿಗೆ ಅಂಗಳವೆಂದರೆ ಮೂರಡಿ ಅಗಲದ ಬಾಲ್ಕನಿ. ಹಿತ್ತಿಲೆಂದರೆ ಅಡುಗೆಮನೆಯ ಕಿಟಕಿಯ ಕಟ್ಟೆ. ಹಾಗೆಂದು ಹಸಿರಿನ ಹಂಬಲ ನಮ್ಮನ್ನು ಬಿಟ್ಟುಹೋಗಿಲ್ಲ. ಜಾಗ ಕಿರಿದಾದಷ್ಟೂ ಅದು ಹೆಚ್ಚಿರುವಂತೆಯೇ ಕಾಣುತ್ತದೆ. ಯಾವುದಾದರೊಂದು ಬಹುಮಹಡಿ ಕಟ್ಟಡದ ಮುಂದೆ ನಿಂತು ತಲೆಯೆತ್ತಿ ನೋಡಿದರೆ, ಮನೆಮನೆಯ ಕಂಬಿಯ ಸಂದಿನಿಂದಲೂ ಒಂದಲ್ಲ ಒಂದು ಬಳ್ಳಿ ಇಣುಕುತ್ತಿರುವುದು ಕಣ್ಣಿಗೆ ಬೀಳುತ್ತದೆ.

ಹೀಗೆ ನಮ್ಮ ಮನೆಗಳನ್ನು ಹೊಕ್ಕ ಬಳ್ಳಿಗಳಲ್ಲಿ ಮನಿಪ್ಲಾಂಟಿಗೆ ಅಗ್ರಪೂಜೆ. ಅದು ಯಾರನ್ನೂ ನಿರಾಶೆಗೊಳಿಸುವುದಿಲ್ಲ. ಬಾಟಲಿಯ ನೀರಿನಲ್ಲಿಯೂ ಬದುಕಿಕೊಳ್ಳುತ್ತದೆ. ಆದರೆ ಮನೆಯೊಳಗೆ ಅದು ಹೂ ಬಿಡುವುದೆಂಬುದಿಲ್ಲ. ನಾನು ಈಗ ಹೇಳಹೊರಟಿರುವುದು ಅದಕ್ಕಿಂತ ನಿಧಾನವಾಗಿ ಬೆಳೆಯುವ, ತನ್ನ ಕಾಲ ಬಂದಾಗ ಹೂವನ್ನೂ ಕಂಪನ್ನೂ ಕೊಡುವ ಇನ್ನೊಂದು ಬಳ್ಳಿಯ ವಿಷಯ. ಅದರ ಹೆಸರು ಹೋಯಾ. ಎಲೆ ದಪ್ಪ, ನುಣುಪು, ಕೈಗೆ ತಣ್ಣನೆಯ ತೊಗಲಿನಂತೆ ತೋರುವಂಥದು. ಹೂ ಬಿಡುವುದು ಗೊಂಚಲಾಗಿ. ಒಂದೊಂದು ಗೊಂಚಲಿನಲ್ಲಿಯೂ ಹತ್ತು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ಪುಟ್ಟ ಹೂಗಳು. ಪ್ರತಿ ಹೂವೂ ಐದು ಮೂಲೆಯ ನಕ್ಷತ್ರ. ಆ ನಕ್ಷತ್ರದ ಮೇಲೆ ಕೆಂಪು ನಡುವಿನ ಇನ್ನೊಂದು ಚಿಕ್ಕ ನಕ್ಷತ್ರ. ಯಾರೋ ಕುಶಲಿ ಮೇಣವನ್ನು ಕರಗಿಸಿ ಎರಕ ಹೊಯ್ದು ಮಾಡಿದಂತೆ ಅದರ ಹೊಳಪು. ಇಂಗ್ಲಿಷಿನವರು ಇದನ್ನು ವ್ಯಾಕ್ಸ್ ಪ್ಲಾಂಟ್ ಎಂದು ಕರೆದದ್ದು ಇದರಿಂದಲೇ. ನಾವು ಮೇಣದ ಹೂಬಳ್ಳಿ ಎನ್ನಬಹುದು.

ಈ ಬಳ್ಳಿಯನ್ನು ಸಾಕುವವರಿಂದ ಸಾಮಾನ್ಯವಾಗಿ ಎರಡು ದೂರುಗಳನ್ನು ಕೇಳುತ್ತೇವೆ. ತಂದ ಮೂರು ತಿಂಗಳಿಗೇ ಬುಡ ಕೊಳೆತು ಹೋಯಿತು ಎಂಬುದು ಒಂದು. ನಾಲ್ಕು ವರ್ಷವಾದರೂ ಒಂದು ಹೂವನ್ನೂ ಕಾಣಲಿಲ್ಲ ಎಂಬುದು ಇನ್ನೊಂದು. ಸೋಜಿಗವೆಂದರೆ, ಈ ದೂರು ಹೇಳುವವರಲ್ಲಿ ಅನೇಕರು ಅಲಕ್ಷ್ಯ ಮಾಡಿದವರಲ್ಲ. ದಿನವೂ ನೀರೆರೆದವರು, ದೊಡ್ಡ ಕುಂಡಕ್ಕೆ ಬದಲಾಯಿಸಿದವರು, ಅಂದಗೆಟ್ಟು ಕಂಡ ಕುಡಿಗಳನ್ನು ಕತ್ತರಿಸಿ ಓರಣ ಮಾಡಿದವರು. ಅಂದರೆ ಇಲ್ಲಿ ಕಡಿಮೆಯಾದದ್ದು ಪ್ರೀತಿಯಲ್ಲ, ಪರಿಚಯ. ಹೋಯಾ ಯಾರ ನೆಂಟ, ಎಲ್ಲಿಂದ ಬಂದದ್ದು, ಅಲ್ಲಿ ಹೇಗೆ ಬದುಕುತ್ತಿತ್ತು ಎಂಬ ಮೂರು ಮಾತುಗಳನ್ನು ತಿಳಿದುಕೊಂಡರೆ, ಅದರ ಆರೈಕೆಯ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಯೇ ಇಲ್ಲ. ಅವು ತಾವಾಗಿ ಹೊಳೆಯುತ್ತವೆ.

ಮೊದಲು ಹೆಸರಿನ ವಿಚಾರ. ಈ ಕುಲದಲ್ಲಿ ಬಹಳ ಹಿಂದಿನಿಂದ ಮನೆಗಳಲ್ಲಿ ಬೆಳೆದುಬಂದ ಹೋಯಾ ಕಾರ್ನೋಸ ಎಂಬ ಬಳ್ಳಿ ಚೀನದ ದಕ್ಷಿಣ ಭಾಗ, ತೈವಾನ್, ಜಪಾನಿನ ದಕ್ಷಿಣ ದ್ವೀಪಗಳು ಮುಂತಾದ ಕಡೆಗಳದು. ಲಿನ್ನೇಯಸನ ಮಗ ಇದಕ್ಕೆ ಬೇರೊಂದು ಕುಲದ ಹೆಸರನ್ನಿಟ್ಟಿದ್ದ. 1810ರಲ್ಲಿ ರಾಬರ್ಟ್ ಬ್ರೌನ್ ಎಂಬ ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ಇದು ಪ್ರತ್ಯೇಕ ಕುಲವೆಂದು ಗುರುತಿಸಿ ಹೋಯಾ ಎಂದು ಕರೆದ. ಆ ಹೆಸರು ರಾಜನದಲ್ಲ, ಶ್ರೀಮಂತನದೂ ಅಲ್ಲ. ಲಂಡನ್ನಿನ ಬಳಿ ಥೇಮ್ಸ್ ದಂಡೆಯ ಸಯಾನ್ ಹೌಸಿನಲ್ಲಿ ನಾರ್ದಂಬರ್‌ಲೆಂಡ್ ಡ್ಯೂಕನ ತೋಟವನ್ನು ನೋಡಿಕೊಳ್ಳುತ್ತಿದ್ದ ಥಾಮಸ್ ಹೋಯ್ ಎಂಬ ತೋಟಗಾರನದು. ತೋಟದ ಒಡೆಯನ ಹೆಸರನ್ನು ಬಿಟ್ಟು ತೋಟಗಾರನ ಹೆಸರನ್ನು ಬಳ್ಳಿಗೆ ಕೊಟ್ಟ ಬ್ರೌನನ ಔಚಿತ್ಯವನ್ನು ಮೆಚ್ಚಲೇಬೇಕು.

ಈ ಬ್ರೌನನೇ ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ಎಡೆಬಿಡದ ಚಲನೆಯನ್ನು 1827ರಲ್ಲಿ ಗಮನಿಸಿ, ಬ್ರೌನಿಯನ್ ಚಲನೆ ಎಂಬ ಮಾತಿಗೆ ಕಾರಣನಾದವನು. ಜೀವಕೋಶದ ನಡುವಿನ ಕೋಶಕೇಂದ್ರಕ್ಕೆ ಇಂಗ್ಲಿಷಿನಲ್ಲಿ ನ್ಯೂಕ್ಲಿಯಸ್ ಎಂಬ ಹೆಸರು ಕೊಟ್ಟವನೂ ಅವನೇ. ಅದನ್ನು ಅವನು ಹೇಳಿದ್ದು 1831ರಲ್ಲಿ, ಸೀತಾಳೆಯ ಜಾತಿಯ ಹೂಗಳಲ್ಲಿಯೂ ಹೋಯಾ ಸೇರಿದ ಎಕ್ಕದ ಬಳಗದ ಹೂಗಳಲ್ಲಿಯೂ ಪರಾಗಸ್ಪರ್ಶ ಹೇಗೆ ನಡೆಯುತ್ತದೆಂದು ಪರಿಶೀಲಿಸಿದ ಪ್ರಬಂಧದಲ್ಲಿ.

ಎಕ್ಕದ ಬಳಗ ಎಂದೆ. ಹೌದು, ಈ ದೂರದ ಅತಿಥಿ ನಮ್ಮ ಎಕ್ಕದ ಗಿಡದ ದಾಯಾದಿ. ರಥಸಪ್ತಮಿಯ ಸ್ನಾನಕ್ಕೆ ನಾವು ತಲೆಯ ಮೇಲಿಟ್ಟುಕೊಳ್ಳುವ ಎಲೆ ಎಕ್ಕದ್ದು; ಗಣಪತಿಗೆ ಏರಿಸುವ ಹೂವೂ ಎಕ್ಕದ್ದು. ಉಪ್ಪಿನಕಾಯಿಗೆ ಹಾಕುವ ಮಾಗಳಿ ಬೇರು, ಪಾನಕಕ್ಕೆ ಬಳಸುವ ಸೊಗದೆ ಬೇರು, ಇವೂ ಅದೇ ಬಳಗದವು. ಈ ಬಳಗವನ್ನು ಈಗ ಸಸ್ಯವಿಜ್ಞಾನಿಗಳು ಕಣಗಿಲೆ, ನಂದಿಬಟ್ಟಲುಗಳ ಕುಟುಂಬದೊಳಗೇ ಸೇರಿಸಿದ್ದಾರೆ. ಎಲೆ ಮುರಿದರೆ ಹಾಲು ಜಿನುಗುವುದು ಈ ನಂಟಿನ ಮೊದಲ ಗುರುತು. ಎರಡನೆಯ ಗುರುತು ಹೂವಿನ ರಚನೆ. ಎಕ್ಕದ ಹೂವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅದರ ನಡುವೆ ನಿಂತ ಕಿರೀಟದ ನೆನಪಿರುತ್ತದೆ. ಹೋಯಾ ಹೂವಿನಲ್ಲಿ ನಕ್ಷತ್ರದ ಮೇಲಿನ ನಕ್ಷತ್ರವಾಗಿ ಕಾಣುವುದು ಅದೇ ಕಿರೀಟ.

ಆ ಕಿರೀಟದ ಸಂದುಗಳಲ್ಲಿ ಒಂದು ಯುಕ್ತಿ ಅಡಗಿದೆ. ಈ ಹೂಗಳಲ್ಲಿ ಪರಾಗ ಪುಡಿಯಾಗಿ ಉದುರುವುದಿಲ್ಲ. ತಕ್ಕಡಿಯ ಎರಡು ತಟ್ಟೆಗಳಂತೆ ಜೋಡಿಯಾಗಿರುವ ಎರಡು ಗಟ್ಟಿ ಗಂಟುಗಳಾಗಿ ಇರುತ್ತದೆ. ಮಕರಂದಕ್ಕೆ ಬಂದ ಕೀಟದ ಕಾಲು ಸಂದಿನಲ್ಲಿ ಜಾರಿ, ಹೊರಕ್ಕೆಳೆದುಕೊಳ್ಳುವಾಗ ಆ ತಕ್ಕಡಿಯನ್ನೇ ಕಿತ್ತುಕೊಂಡು ಬರುತ್ತದೆ. ಮುಂದಿನ ಹೂವಿಗೆ ಹೋದಾಗ ಅಲ್ಲಿ ಬಿಟ್ಟುಬಿಡುತ್ತದೆ. ಹೋಯಾ ಕಾರ್ನೋಸದಲ್ಲಿ ಈ ಕೆಲಸ ಮಾಡುವುದು ರಾತ್ರಿ ಸಂಚರಿಸುವ ದೊಡ್ಡ ಪತಂಗಗಳೆಂದೂ, ಅವು ಪರಾಗವನ್ನು ಕಾಲಿನಲ್ಲಿ ಸಿಕ್ಕಿಸಿಕೊಂಡು ಸಾಗಿಸುತ್ತವೆಂದೂ ಜಪಾನಿನ ವಿಜ್ಞಾನಿಗಳು 2017ರಲ್ಲಿ ವರದಿ ಮಾಡಿದರು. ಮನೆಯೊಳಗಿನ ಹೋಯಾ ಹಗಲೆಲ್ಲ ಸುಮ್ಮನಿದ್ದು ಸಂಜೆಯಾದೊಡನೆ ಏಕೆ ಕಂಪು ಬೀರುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಅದು ತನ್ನ ಪತಂಗವನ್ನು ಕರೆಯುತ್ತಿದೆ. ಆ ಕರೆ ನಮಗೂ ಕೇಳಿಸುತ್ತದೆ, ಅಷ್ಟೆ.

ಇನ್ನು ಊರಿನ ವಿಚಾರ. ಹೋಯಾ ಕುಲದಲ್ಲಿ ಇಂದು ಐನೂರಕ್ಕೂ ಹೆಚ್ಚು ಪ್ರಭೇದಗಳನ್ನು ಲೆಕ್ಕ ಹಾಕಿದ್ದಾರೆ. ಹಿಮಾಲಯದ ತಪ್ಪಲಿನಿಂದ ತೊಡಗಿ ಬರ್ಮಾ, ಥಾಯ್ಲೆಂಡ್, ಇಂಡೋನೇಷ್ಯಾ, ಫಿಲಿಪೀನ್ಸ್, ನ್ಯೂಗಿನಿಗಳನ್ನು ಹಾದು ಆಸ್ಟ್ರೇಲಿಯದವರೆಗೆ ಅವುಗಳ ರಾಜ್ಯ. ಫಿಲಿಪೀನ್ಸಿನ ಹೋಯಾ ಇಂಬ್ರಿಕೇಟ ಎಂಬುದು ತನ್ನ ಎಲೆಗಳನ್ನು ಮರದ ತೊಗಟೆಯ ಮೇಲೆ ಚಿಪ್ಪಿನಂತೆ ಬೋರಲು ಹಾಕುತ್ತದೆ. ಅದರಡಿಯಲ್ಲಿ ಇರುವೆಗಳು ಮನೆ ಮಾಡುತ್ತವೆ. ಅಷ್ಟು ದೂರ ಹೋಗುವುದು ಬೇಡ. ನಮ್ಮ ಪಶ್ಚಿಮ ಘಟ್ಟಗಳಲ್ಲಿಯೇ ಹೋಯಾ ವೈಟಿಯೈ ಇದೆ, ಹೋಯಾ ಓವಾಲಿಫೋಲಿಯ ಇದೆ, ಬಿಡಿಬಿಡಿಯಾಗಿ ಹೂ ಬಿಡುವ ಹೋಯಾ ಪಾಸಿಫ್ಲೋರ ಇದೆ, ಕಿರಿದಾದ ಎಲೆಯ ತುದಿಯನ್ನು ಯಾರೋ ಕತ್ತರಿಸಿದಂತೆ ಮೊಂಡಾಗಿರುವ ಹೋಯಾ ರೆಟೂಸ ಇದೆ. ಹೋಯಾ ಕನ್ಯಾಕುಮಾರಿಯಾನ ಎಂಬ ಪ್ರಭೇದವನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದ್ದು 1978ರಲ್ಲಿ. ವೈಟಿಯೈ ಎಂಬ ಹೆಸರು ಮದರಾಸು ಪ್ರಾಂತದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದು ದಕ್ಷಿಣ ಭಾರತದ ಸಸ್ಯಗಳ ಅಧ್ಯಯನಕ್ಕೆ ಬಾಳನ್ನು ಮೀಸಲಿಟ್ಟ ರಾಬರ್ಟ್ ವೈಟನನ್ನು ನೆನಪಿಸುತ್ತದೆ. ನರ್ಸರಿಯಲ್ಲಿ ವಿದೇಶಿ ಬೆಡಗಿಯಂತೆ ತೂಗಿಬಿಟ್ಟಿರುವ ಈ ಬಳ್ಳಿಯ ಅಕ್ಕತಂಗಿಯರು ನಮ್ಮ ಮಲೆನಾಡಿನ ಮರಗಳ ಮೇಲೆಯೇ ಇದ್ದಾರೆ.

ಮರಗಳ ಮೇಲೆ ಎಂಬ ಮಾತನ್ನು ದಯಮಾಡಿ ಗಮನಿಸಬೇಕು. ಹೋಯಾ ಪ್ರಭೇದಗಳಲ್ಲಿ ಹೆಚ್ಚಿನವು ನೆಲದ ಗಿಡಗಳಲ್ಲ. ಮರದ ಕವಲಿನಲ್ಲಿ, ತೊಗಟೆಯ ಬಿರುಕಿನಲ್ಲಿ, ಕೆಲವೊಮ್ಮೆ ಬಂಡೆಯ ಮೇಲೆ ಬೇರೂರಿ ಬದುಕುವಂಥವು. ಹಾಗೆಂದು ಅವನ್ನು ಬಂದಳಿಕೆಯೊಂದಿಗೆ ಒಂದೇ ಪಂಕ್ತಿಯಲ್ಲಿ ಕೂರಿಸಬಾರದು. ಬಂದಳಿಕೆ ಮರದ ಒಳಗೆ ಬೇರಿಳಿಸಿ ಅದರ ರಸವನ್ನೇ ಹೀರುತ್ತದೆ. ಹೋಯಾ ಸೀತಾಳೆಯಂತೆ, ಮರ ಅದಕ್ಕೆ ನಿಲ್ಲುವ ನೆಲೆ ಮಾತ್ರ, ಊಟದ ತಟ್ಟೆಯಲ್ಲ. ಕವಲಿನಲ್ಲಿ ಕೊಳೆತ ಒಂದು ಹಿಡಿ ತರಗೆಲೆ, ಹಕ್ಕಿ ಇರುವೆಗಳು ಬಿಟ್ಟುಹೋದ ಕಸ, ತೊಗಟೆಯ ಮೇಲೆ ಹರಿದು ಹೋಗುವ ಮಳೆನೀರು, ಇಷ್ಟೇ ಅದರ ಸಂಸಾರದ ಸರಂಜಾಮು. ಮಳೆ ಬಂದಾಗ ಚೆನ್ನಾಗಿ ತೋಯುತ್ತದೆ. ಮಳೆ ನಿಂತ ಗಳಿಗೆಯಿಂದಲೇ ಬೇರಿಗೆ ಗಾಳಿಯಾಡಿ ಒಣಗತೊಡಗುತ್ತದೆ. ಮುಂದಿನ ಮಳೆಯವರೆಗೆ ತಾಳಿಕೊಳ್ಳುವುದಕ್ಕಾಗಿ ಅದು ದಪ್ಪ ಎಲೆಯಲ್ಲಿ ನೀರನ್ನು ಕೂಡಿಟ್ಟುಕೊಂಡಿದೆ. ಹೋಯಾ ಕಾರ್ನೋಸದಂತಹ ದಪ್ಪ ಎಲೆಯ ಪ್ರಭೇದಗಳಲ್ಲಿ ಇನ್ನೊಂದು ಮಿತವ್ಯಯದ ಏರ್ಪಾಡೂ ಉಂಟು. ಕಳ್ಳಿ, ಅನಾನಸುಗಳಂತೆ ಅವು ಹಗಲಿನ ಬಿಸಿಯಲ್ಲಿ ಎಲೆಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಕೊಂಡಿದ್ದು, ರಾತ್ರಿಯ ತಂಪಿನಲ್ಲಿ ತೆರೆದು ಬೇಕಾದ ಅನಿಲವನ್ನು ಒಳಗೆ ತೆಗೆದುಕೊಳ್ಳಬಲ್ಲವು.

ಇಷ್ಟು ತಿಳಿದ ಮೇಲೆ ಕುಂಡಕ್ಕೆ ಎಂಥ ಮಣ್ಣು ಹಾಕಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ. ತೋಟದ ಕೆಮ್ಮಣ್ಣನ್ನು ಒತ್ತಿ ತುಂಬಿದರೆ ಅದು ಹೋಯಾ ಬೇರಿಗೆ ಉಸಿರುಗಟ್ಟಿಸುವ ಗೋಡೆಯಾಗುತ್ತದೆ. ಬೇಕಾದದ್ದು ಮರದ ಕವಲಿನ ಅನುಕರಣೆ. ತೆಂಗಿನ ಸಿಪ್ಪೆಯ ಸಣ್ಣ ತುಂಡುಗಳು, ನಾರಿನ ಪುಡಿ, ಇದ್ದಿಲಿನ ಚೂರು, ಇಟ್ಟಿಗೆಯ ಚೂರು, ಜೊತೆಗೆ ಒಂದು ಹಿಡಿ ಎರೆಗೊಬ್ಬರ. ಸೀತಾಳೆ ಜಾತಿಯ ಗಿಡಗಳನ್ನು ಬೆಳೆಸುವವರು ಬಳಸುವ ಮಿಶ್ರಣವೂ ಹೆಚ್ಚುಕಡಿಮೆ ಇದೇ. ನೀರೆರೆದರೆ ಅದು ಮೇಲೆ ನಿಲ್ಲದೆ ತಕ್ಷಣ ತಳದಿಂದ ಸೋರಿಹೋಗಬೇಕು, ಅದೇ ಪರೀಕ್ಷೆ. ತಳದ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಬೇಕು.

ಕುಂಡ ಚಿಕ್ಕದಿರಲಿ. ದೊಡ್ಡ ಮನೆಯಲ್ಲಿಟ್ಟರೆ ಬಳ್ಳಿ ದೊಡ್ಡದಾದೀತು ಎಂಬ ನಮ್ಮ ಲೆಕ್ಕ ಇಲ್ಲಿ ನಡೆಯದು. ಬೇರು ತಲುಪದ ಜಾಗದಲ್ಲಿ ತೇವ ಹಾಗೆಯೇ ಉಳಿದು ಕೊಳೆಯಿಸುತ್ತದೆ. ಬೇರು ಕುಂಡವನ್ನು ತುಂಬಿ ಒತ್ತೊತ್ತಾಗಿ ಕುಳಿತಾಗಲೇ ಹೋಯಾ ನೆಮ್ಮದಿಯಿಂದಿರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಬೆರಳಗಲ ದೊಡ್ಡ ಕುಂಡಕ್ಕೆ ಬದಲಾಯಿಸಿದರೆ ಸಾಕು. ಮಣ್ಣಿನ ಕುಂಡವಾದರೆ ಮೈಯೆಲ್ಲ ಉಸಿರಾಡುವುದರಿಂದ ನೀರು ಹೆಚ್ಚಾಗುವ ಭಯ ಕಡಿಮೆ. ಇಳಿಬಿಡುವುದಾದರೆ ಹಗುರವಾದ ತೂಗುಕುಂಡ ಲೇಸು. ಹಾಲು ಬೆಣ್ಣೆಗಳನ್ನು ಬೆಕ್ಕಿನ ಬಾಯಿಂದ ಕಾಯಲು ನಮ್ಮ ಅಜ್ಜಿಯರು ಜಂತೆಗೆ ಕಟ್ಟುತ್ತಿದ್ದ ನೆಲುವು ಇತ್ತಲ್ಲ, ಅದರಲ್ಲಿ ಒಂದು ಕುಂಡವನ್ನು ಕೂರಿಸಿದರೆ ಹೋಯಾ ಪಾಲಿಗೆ ಅದಕ್ಕಿಂತ ಒಳ್ಳೆಯ ಪೀಠವಿಲ್ಲ.

ನೀರಿನ ವಿಷಯದಲ್ಲಿ ವಾರಕ್ಕೆ ಎಷ್ಟು ಸಲ ಎಂದು ಕೇಳುವವರುಂಟು. ಮಂಗಳೂರಿನ ಆಷಾಢಕ್ಕೂ ರಾಯಚೂರಿನ ವೈಶಾಖಕ್ಕೂ ಒಂದೇ ಲೆಕ್ಕ ಹೇಳುವುದು ಹೇಗೆ? ಕ್ಯಾಲೆಂಡರನ್ನು ಬಿಟ್ಟು ಎಲೆಯನ್ನೇ ಕೇಳುವುದು ಮೇಲು. ದಪ್ಪ ಎಲೆಯ ಜಾತಿಯಾದರೆ ಬಲಿತ ಎಲೆಯೊಂದನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲನೆ ಬಾಗಿಸಿ ನೋಡಬೇಕು. ಬಾಗಲು ಒಪ್ಪದೆ ಬಿರುಸಾಗಿದ್ದರೆ ಅದರ ಕಣಜ ತುಂಬಿದೆ, ನೀರು ಬೇಡ. ವೀಳ್ಯದೆಲೆಯಂತೆ ಮೆತ್ತಗೆ ಮಡಚಿಕೊಂಡರೆ ಬಾಯಾರಿದೆ ಎಂದರ್ಥ. ಆಗ ತಳದಿಂದ ಸೋರುವಷ್ಟು ಧಾರಾಳವಾಗಿ ಎರೆಯಬೇಕು. ಆದರೆ ಒಂದು ಎಚ್ಚರಿಕೆ. ಎಲೆ ಸುಕ್ಕಾಗಿದ್ದು ಕುಂಡದೊಳಗಿನ ಮಿಶ್ರಣ ಮಾತ್ರ ಒದ್ದೆಯಾಗಿಯೇ ಇದ್ದರೆ, ಅದು ಬಾಯಾರಿಕೆಯಲ್ಲ, ಬೇರು ಕೊಳೆತ ಲಕ್ಷಣ. ಕೊಳೆತ ಬೇರು ನೀರಿನ ನಡುವೆ ನಿಂತೂ ನೀರು ಕುಡಿಯಲಾರದು. ಆಗ ಇನ್ನಷ್ಟು ನೀರೆರೆಯುವುದು ಬಳ್ಳಿಗೆ ಕೊನೆಯ ಗುಟುಕು ಹಾಕಿದಂತೆ. ಕೂಡಲೆ ಅದನ್ನು ಹೊರತೆಗೆದು, ಕೊಳೆತದ್ದನ್ನು ಕತ್ತರಿಸಿ, ಗಟ್ಟಿಯಾಗಿ ಉಳಿದ ಕಾಂಡದಿಂದ ಹೊಸ ತುಂಡುಗಳನ್ನು ನೆಡುವುದೊಂದೇ ದಾರಿ.

ಬೆಳಕು ಧಾರಾಳವಾಗಿರಬೇಕು, ಬಿಸಿಲು ಮಿತವಾಗಿರಬೇಕು. ಕಾಡಿನಲ್ಲಿ ಇದಕ್ಕೆ ದೊರೆಯುವುದು ಮೇಲಿನ ಕೊಂಬೆಗಳು ಜರಡಿಯಾಡಿದ ಬಿಸಿಲು. ಮನೆಯಲ್ಲಿ ಪೂರ್ವದ ಕಿಟಕಿ ಅದಕ್ಕೆ ಸಮೀಪ. ಬೆಳಗಿನ ಎಳೆಬಿಸಿಲು ಬಿದ್ದು ಹೊತ್ತೇರುತ್ತಲೆ ಸರಿದುಹೋಗುವ ಜಾಗ. ಪಡುವಣದ ಕಿಟಕಿಯಾದರೆ ನಡುವೆ ತೆಳುವಾದ ಪರದೆ ಇರಲಿ. ಇಲ್ಲವಾದರೆ ಬೇಸಗೆಯಲ್ಲಿ ಎಲೆ ಹಳದಿಗೆ ತಿರುಗಿ ಸುಟ್ಟ ಕಲೆ ಬೀಳುತ್ತದೆ. ಕೋಣೆಯ ಒಳಮೂಲೆಯಲ್ಲಿ ಪುಸ್ತಕದ ಕಪಾಟಿನ ಮೇಲಿಟ್ಟರೆ ಹೋಯಾ ಸಾಯುವುದಿಲ್ಲ, ವರ್ಷಗಟ್ಟಲೆ ಹಸಿರಾಗಿಯೇ ಇರುತ್ತದೆ. ಆದರೆ ಹೂ ಬಿಡುವುದಿಲ್ಲ. ನಾಲ್ಕು ವರ್ಷದ ದೂರಿಗೆ ಬಹುಪಾಲು ಕಾರಣ ಇದೇ. ಅದು ಬದುಕಿರುವುದನ್ನು ಕಂಡು ಬೆಳಕು ಸಾಕಾಗಿದೆಯೆಂದು ನಾವು ತಿಳಿದುಕೊಳ್ಳುತ್ತೇವೆ. ಬದುಕುವುದಕ್ಕೆ ಸಾಕಾದದ್ದು ಅರಳುವುದಕ್ಕೆ ಸಾಲದು.

ಇನ್ನು ಕತ್ತರಿಯ ವಿಷಯ. ಹೋಯಾಗೆ ಆಗುವ ಅನ್ಯಾಯಗಳಲ್ಲಿ ಹೆಚ್ಚಿನವು ಕತ್ತರಿಯಿಂದಲೇ. ಚೆನ್ನಾಗಿ ಬೆಳೆಯುತ್ತಿರುವ ಬಳ್ಳಿ ಇದ್ದಕ್ಕಿದ್ದಂತೆ ಎರಡಡಿ ಮೂರಡಿ ಉದ್ದದ, ಒಂದೂ ಎಲೆಯಿಲ್ಲದ, ಬರಿಯ ದಾರದಂತಹ ಕುಡಿಯನ್ನು ಹೊರಚಾಚುತ್ತದೆ. ನೋಡಿದವರಿಗೆ ಅದು ಸೊರಗಿದ ಕೊಂಬೆಯೆಂದೇ ತೋರುತ್ತದೆ. ಓರಣಪ್ರಿಯರ ಕೈ ಕತ್ತರಿಗೆ ಹೋಗುತ್ತದೆ. ವಾಸ್ತವವಾಗಿ ಆ ಕುಡಿ ಬಳ್ಳಿಯ ಹರಿಕಾರ. ಹಿಡಿದುಕೊಳ್ಳಲು ಒಂದು ಕೊಂಬೆ ಸಿಕ್ಕೀತೆ ಎಂದು ಅದು ಗಾಳಿಯಲ್ಲಿ ತಡಕುತ್ತಿದೆ. ಚಾರ್ಲ್ಸ್ ಡಾರ್ವಿನ್ 1865ರಲ್ಲಿ ಹಬ್ಬುವ ಸಸ್ಯಗಳ ಚಲನೆಯನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ ಹೋಯಾ ಕಾರ್ನೋಸವೂ ಸೇರಿದೆ. ಅದರ ಕುಡಿ ವೃತ್ತಾಕಾರವಾಗಿ ಮೆಲ್ಲಮೆಲ್ಲನೆ ಸುತ್ತುವುದನ್ನೂ, ಒಂದು ಸುತ್ತಿಗೆ ಹದಿನಾರು ಗಂಟೆಯಿಂದ ಒಂದು ಇಡೀ ದಿನದವರೆಗೂ ಹಿಡಿಯುವುದನ್ನೂ ಆತ ಗುರುತಿಸಿಕೊಂಡಿದ್ದ. ನಮ್ಮ ಕಣ್ಣಿಗೆ ನಿಶ್ಚಲವಾಗಿ ಕಾಣುವ ಆ ದಾರ ಹಗಲು ರಾತ್ರಿ ನಡೆಯುತ್ತಲೇ ಇದೆ. ಅದಕ್ಕೊಂದು ತಂತಿಯನ್ನೋ ಕಡ್ಡಿಯನ್ನೋ ತೋರಿಸಿದರೆ ಸುತ್ತಿಕೊಳ್ಳುತ್ತದೆ. ಎಲೆಗಳು ಆಮೇಲೆ ನಿಧಾನವಾಗಿ ಬರುತ್ತವೆ. ಮೊದಲು ಹಾದಿ, ಅನಂತರ ಮನೆ, ಇದು ಅದರ ಕ್ರಮ.

ಎರಡನೆಯದು ಹೂವಿನ ದಂಡು. ಗೊಂಚಲು ಉದುರಿದ ಮೇಲೆ ಅಂಗುಲದುದ್ದದ ಒಂದು ಬೋಳು ಕಡ್ಡಿ ಉಳಿಯುತ್ತದೆ. ಗುಲಾಬಿಯನ್ನೋ ಸೇವಂತಿಗೆಯನ್ನೋ ಬೆಳೆಸಿದ ಅಭ್ಯಾಸದಿಂದ ಅದನ್ನು ನಾವು ಚಿವುಟಿಹಾಕುತ್ತೇವೆ. ಹೋಯಾ ಪ್ರಭೇದಗಳಲ್ಲಿ ಬಹುಪಾಲು ಮತ್ತೆ ಹೂ ಬಿಡುವುದು ಅದೇ ಕಡ್ಡಿಯಿಂದ. ವರ್ಷವರ್ಷವೂ ಅದೇ ತುದಿಯಲ್ಲಿ ಹೊಸ ಮೊಗ್ಗುಗಳು ಕಟ್ಟುತ್ತವೆ. ಪ್ರತಿಸಲವೂ ದಂಡು ಕೂದಲೆಳೆಯಷ್ಟು ಬೆಳೆದು ಹಿಂದಿನ ಹೂಗಳ ಗುರುತನ್ನು ಉಂಗುರ ಉಂಗುರವಾಗಿ ಉಳಿಸಿಕೊಳ್ಳುತ್ತದೆ. ಒಣಗಿದ ಕಡ್ಡಿಯೆಂದು ಕಿತ್ತೆಸೆದವರು ಮುಂದಿನ ವರ್ಷಗಳ ಹೂಗಳನ್ನು ಒಟ್ಟಿಗೆ ಎಸೆದಂತಾಯಿತು. ಮೊಗ್ಗು ಮೂಡಿದ ಮೇಲೆ ಕುಂಡವನ್ನು ಅತ್ತಿತ್ತ ಸರಿಸುವುದೂ, ಆಗ ಅದನ್ನು ತೀರ ಒಣಗಲು ಬಿಡುವುದೂ ಒಳ್ಳೆಯದಲ್ಲ; ಮೊಗ್ಗು ಉದುರುತ್ತದೆ. ನೆಂಟರಿಗೆ ತೋರಿಸಬೇಕೆಂದು ಹಜಾರಕ್ಕೆ ತಂದಿಡುವ ಉತ್ಸಾಹವನ್ನು ಸ್ವಲ್ಪ ತಡೆದುಕೊಂಡು, ನೆಂಟರನ್ನೇ ಕಿಟಕಿಯ ಬಳಿಗೆ ಕರೆದೊಯ್ಯುವುದು ಉತ್ತಮ. ಅರಳಿದ ಹೂವಿನಿಂದ ಕೆಲವೊಮ್ಮೆ ಮಕರಂದ ಹನಿಹನಿಯಾಗಿ ತೊಟ್ಟಿಕ್ಕಿ ನೆಲ ಅಂಟಾಗುತ್ತದೆ. ಇರುವೆ ಬಂದೀತು. ಅದನ್ನು ಸಹಿಸಿಕೊಳ್ಳಬೇಕು.

ಇಳಿಬೀಳುವ ಬಳ್ಳಿಯೇ ಬೇಕೆನ್ನುವವರು ಒಂದು ಭೇದವನ್ನು ತಿಳಿದಿರಬೇಕು. ಕಾರ್ನೋಸದಂಥವು ಹುಟ್ಟಿನಿಂದ ಹತ್ತುವ ಜಾತಿ. ತೂಗುಕುಂಡದಲ್ಲಿಟ್ಟರೂ ಅವುಗಳ ಕುಡಿ ಮೇಲಕ್ಕೆ ತಿರುಗಿ, ತೂಗುಹಾಕಿದ ತಂತಿಯನ್ನೇ ಹಿಡಿದು ಏರುತ್ತದೆ; ಬಲಿತ ಕಾಂಡಗಳು ಮಾತ್ರ ತಮ್ಮ ಭಾರಕ್ಕೆ ಕೆಳಗಿಳಿಯುತ್ತವೆ. ಹಿಮಾಲಯದಿಂದ ಬರ್ಮಾದವರೆಗಿನ ಹೋಯಾ ಬೆಲ್ಲ ಮತ್ತು ಹಿಮಾಲಯದ ಹೋಯಾ ಲೀನಿಯಾರಿಸ್ ಸ್ವಭಾವದಿಂದಲೇ ಇಳಿಬೀಳುವಂಥವು. ಬೆಲ್ಲದ ಬಿಳಿಯ ಹೂವಿಗೆ ನೇರಳೆಗೆಂಪಿನ ನಡು. ಲೀನಿಯಾರಿಸ್‌ನ ಎಲೆ ಸೂಜಿಯಂತೆ ಸಣ್ಣ, ಮೃದುವಾದ ರೋಮವುಳ್ಳದ್ದು. ಕುಂಡದಿಂದ ಜಡೆ ಬಿಚ್ಚಿದಂತೆ ಇಳಿಯುತ್ತದೆ. ಆದರೆ ತೆಳು ಎಲೆಯ ಇವುಗಳಿಗೆ ನೀರಿನ ಉಳಿತಾಯ ಕಡಿಮೆ, ತಂಪಿನ ಆಸೆ ಹೆಚ್ಚು. ಬೆಂಗಳೂರು, ಮಡಿಕೇರಿಗಳ ಹವೆ ಅವಕ್ಕೆ ಒಗ್ಗೀತು. ಬಯಲುಸೀಮೆಯ ಬೇಸಗೆಯಲ್ಲಿ ಅವನ್ನು ಕಾಪಾಡುವುದು ಕಷ್ಟ. ಅಲ್ಲಿಯವರು ದಪ್ಪ ಎಲೆಯ ಜಾತಿಗಳನ್ನೇ ಆರಿಸಿಕೊಳ್ಳುವುದು ವಿವೇಕ.

ರೋಗರುಜಿನಗಳು ಹೆಚ್ಚಿಲ್ಲ. ಎಲೆಯ ಕಂಕುಳಲ್ಲಿ ಬಿಳಿಯ ಹತ್ತಿಯಂತೆ ಕೂರುವ ಹಿಟ್ಟುತಿಗಣೆ ಮುಖ್ಯ ಶತ್ರು. ಎಳೆಯ ಕುಡಿಗೂ ಹೂವಿನ ತೊಟ್ಟಿಗೂ ಮುತ್ತುವ ಹಳದಿ ಬಣ್ಣದ ಸಸ್ಯಹೇನು ಇನ್ನೊಂದು. ಎಕ್ಕ, ಕಣಗಿಲೆಗಳ ಮೇಲೆ ನಾವು ಕಾಣುವುದೂ ಅದನ್ನೇ. ಶತ್ರುವಿಗೂ ನಂಟಸ್ತಿಕೆ ಗೊತ್ತು! ಒದ್ದೆ ಬಟ್ಟೆಯಿಂದ ಒರೆಸಿ, ಬೇವಿನ ಎಣ್ಣೆಯನ್ನು ಸಾಬೂನಿನ ನೀರಿನಲ್ಲಿ ಕದಡಿ ವಾರಕ್ಕೊಮ್ಮೆ ಸಿಂಪಡಿಸಿದರೆ ಹತೋಟಿಗೆ ಬರುತ್ತವೆ.

ಕೊಳ್ಳುವವರಿಗೆ ಎರಡು ಮಾತು ಹೇಳಬೇಕಾಗಿದೆ. ಹೃದಯದಾಕಾರದ ಒಂಟಿ ಎಲೆಯೊಂದನ್ನು ಪುಟ್ಟ ಕುಂಡದಲ್ಲಿ ನೆಟ್ಟು, ಪ್ರೀತಿಯ ಕಾಣಿಕೆಯೆಂದು ಫೆಬ್ರವರಿ ತಿಂಗಳಲ್ಲಿ ಮಾರುವುದನ್ನು ನೀವು ನೋಡಿರಬಹುದು. ಅದು ಥಾಯ್ಲೆಂಡ್ ಕಡೆಯ ಹೋಯಾ ಕೆರಿಯೈ. ನೋಡಲು ಮುದ್ದಾಗಿದೆ, ನಿಜ. ಆದರೆ ಬರಿಯ ಎಲೆಯನ್ನು ನೆಟ್ಟರೆ ಬೇರು ಬರುತ್ತದೆಯೇ ಹೊರತು, ಗೆಣ್ಣಿನ ಚೂರು ಇಲ್ಲದಿದ್ದರೆ ಚಿಗುರು ಬರುವ ಭರವಸೆ ಇಲ್ಲ. ವರ್ಷಗಟ್ಟಲೆ ಅದು ಒಂಟಿ ಎಲೆಯಾಗಿಯೇ ನಿಂತಿರುತ್ತದೆ. ಬೆಳೆಯುವುದೂ ಇಲ್ಲ, ಅಳಿಯುವುದೂ ಇಲ್ಲ. ಪ್ರೀತಿಯ ಸಂಕೇತವಾಗಿ ಕೊಡುವುದಕ್ಕೆ ಅದು ಎಷ್ಟು ಯೋಗ್ಯವೆಂಬುದನ್ನು ಕೊಡುವವರೇ ಯೋಚಿಸಬೇಕು. ಎರಡು ಎಲೆಯೂ ಒಂದು ಗೆಣ್ಣೂ ಇರುವ ಕಾಂಡವನ್ನೇ ಕೇಳಿ ಪಡೆಯುವುದು ಜಾಣತನ.

ಇನ್ನೊಂದು, ಹೋಯಾ ಮನೆಯ ಗಾಳಿಯನ್ನು ಶುದ್ಧಿ ಮಾಡುತ್ತದೆಂಬ ಪ್ರಚಾರ. ಇದಕ್ಕೆ ಆಧಾರವಿಲ್ಲದಿಲ್ಲ. 2009ರಲ್ಲಿ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದವರು 28 ಬಗೆಯ ಒಳಾಂಗಣ ಗಿಡಗಳನ್ನು ಪರೀಕ್ಷಿಸಿದಾಗ, ಕೆಲವು ಹಾನಿಕರ ಆವಿಗಳನ್ನು ಹೀರುವುದರಲ್ಲಿ ಹೋಯಾ ಕಾರ್ನೋಸ ಮುಂದಿನ ಸಾಲಿನಲ್ಲಿತ್ತು. ಆದರೆ ಆ ಪರೀಕ್ಷೆ ನಡೆದದ್ದು ಮುಚ್ಚಿದ ಗಾಜಿನ ಪಾತ್ರೆಯಲ್ಲಿ. ಇಂತಹ ಪ್ರಯೋಗಗಳನ್ನೆಲ್ಲ ಒಟ್ಟಾಗಿ ಪರಿಶೀಲಿಸಿದ 2019ರ ಒಂದು ವಿಮರ್ಶೆ, ಬಾಗಿಲು ಕಿಟಕಿಗಳಿರುವ ನಿಜವಾದ ಮನೆಯಲ್ಲಿ ಕುಂಡದ ಗಿಡಗಳಿಂದ ಗಾಳಿ ಶುದ್ಧವಾಗುವುದು ಲೆಕ್ಕಕ್ಕೆ ಸಿಗುವಷ್ಟಿಲ್ಲವೆಂದು ತೋರಿಸಿತು. ಗಾಳಿಗಾಗಿ ಕಿಟಕಿಯನ್ನು ತೆರೆದರಾಯಿತು. ಬಳ್ಳಿ ಬಳ್ಳಿಯಾಗಿರುವುದೇ ಸಾಲದೆ?

ಕೊನೆಯದಾಗಿ, ಹೋಯಾವನ್ನು ಪಡೆಯುವ ಬಗೆ. ಈಚಿನ ವರ್ಷಗಳಲ್ಲಿ ಸಂಗ್ರಹಕಾರರ ಉತ್ಸಾಹ ಹೆಚ್ಚಿ, ಅಪರೂಪದ ಪ್ರಭೇದಗಳಿಗೆ ಸಾವಿರಾರು ರೂಪಾಯಿಯ ಬೆಲೆ ಬಂದಿದೆ. ಬೆಲೆ ಬಂದಲ್ಲಿ ಕಾಡಿಗೆ ಕೈ ಹಾಕುವವರೂ ಬರುತ್ತಾರೆ. ಘಟ್ಟದ ಮರವೊಂದರ ಮೇಲೆ ನೆಲೆಯೂರಲು ಗಾಳಿಯಲ್ಲಿ ತೇಲಿ ಬಂದ ಬೀಜವೊಂದು ಪಟ್ಟ ಪಾಡು, ತನ್ನ ಪತಂಗದೊಡನೆ ಅದು ಬೆಳೆಸಿಕೊಂಡ ಸಂಬಂಧ, ಇವು ಬುಟ್ಟಿಯಲ್ಲಿ ಬರುವುದಿಲ್ಲ. ಕಿತ್ತು ತಂದ ಬಳ್ಳಿ ನಮ್ಮ ಕಿಟಕಿಯಲ್ಲಿ ಒಂದು ಹೆಚ್ಚಾಗಬಹುದು. ಕಾಡಿನಲ್ಲಿ ಅದರ ಸಂತತಿಯೇ ಕಡಿಮೆಯಾಗುತ್ತದೆ. ಇದರ ಅಗತ್ಯವಂತೂ ಇಲ್ಲವೇ ಇಲ್ಲ. ಏಕೆಂದರೆ ತುಂಡಿನಿಂದ ಹೋಯಾ ಬೆಳೆಸುವುದು ತೀರ ಸುಲಭ. ಎರಡು ಗೆಣ್ಣುಗಳಿರುವ ಒಂದು ತುಂಡನ್ನು ಕತ್ತರಿಸಿ, ಹಾಲು ಆರುವವರೆಗೆ ಬಿಟ್ಟು, ಕೆಳಗಿನ ಗೆಣ್ಣು ಮುಳುಗುವಂತೆ ನೀರಿನಲ್ಲೋ ತೇವದ ತೆಂಗಿನ ನಾರಿನಲ್ಲೋ ಇಟ್ಟರೆ, ಬೆಚ್ಚಗಿನ ದಿನಗಳಲ್ಲಿ ಮೂರು ನಾಲ್ಕು ವಾರಕ್ಕೆ ಬೇರು ಕಾಣುತ್ತದೆ. ಆ ತುಂಡು ಹೂ ಬಿಡಲು ಎರಡು ಮೂರು ವರ್ಷ, ಕೆಲವೊಮ್ಮೆ ಐದು ವರ್ಷವೂ ಬೇಕಾಗಬಹುದು. ಒಮ್ಮೆ ನೆಲೆಯೂರಿದ ಬಳ್ಳಿ ಹಲವು ದಶಕ ಬಾಳುತ್ತದೆ. ತಾಯಿಯ ಮನೆಯಿಂದ ಮಗಳ ಮನೆಗೆ, ಅಲ್ಲಿಂದ ನೆರೆಮನೆಗೆ ತುಂಡು ತುಂಡಾಗಿ ಸಾಗುತ್ತದೆ. ಹಿಂದೆ ಕರಿಬೇವಿನ ಸಸಿಯೂ ಕನಕಾಂಬರದ ಬೀಜವೂ ಹಿತ್ತಿಲಿಂದ ಹಿತ್ತಿಲಿಗೆ ನಡೆದುಬಂದದ್ದು ಹೀಗೆಯೇ ಅಲ್ಲವೆ?

ಆದ್ದರಿಂದ, ನಿಮ್ಮ ಪರಿಚಿತರ ಕಿಟಕಿಯಲ್ಲಿ ಹೋಯಾ ಇದ್ದರೆ ಒಂದು ತುಂಡನ್ನು ಸಂಕೋಚವಿಲ್ಲದೆ ಕೇಳಿ. ನಿಮ್ಮಲ್ಲಿದ್ದರೆ ಕೇಳುವ ಮುನ್ನವೇ ಕೊಡಿ. ಕೊಡುವಾಗ ಇಷ್ಟನ್ನು ಮಾತ್ರ ಹೇಳಲು ಮರೆಯಬೇಡಿ: ಚಿಕ್ಕ ಕುಂಡ ಸಾಕು, ಕಿಟಕಿಯ ಬೆಳಕು ಬೇಕು, ಎಲೆ ಕೇಳಿದಾಗ ಮಾತ್ರ ನೀರು, ಹೂ ಉದುರಿದ ಕಡ್ಡಿಯನ್ನು ಕೀಳಬಾರದು.